ಹಳೆಯ ವ್ಯಾನ್‌ನ ಇಂಜಿನ್ ಬಿಸಿ: ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು?

ಬಾನೆಟ್‌ಗೆ ಮ್ಯಾಟ್ ಹಾಕಿಸಲಾ, ಸೈಲೆನ್ಸರ್ ಪೈಪಿಗೆ ಪಟ್ಟಿ ಸುತ್ತಿಸಲಾ, ಇಲ್ಲ ರೇಡಿಯೇಟರನ್ನೇ ದೊಡ್ಡದು ಮಾಡಿಸಲಾ? ಹಳೆಯ ವ್ಯಾನ್ ಅಥವಾ ಮೋಟಾರ್‌ಹೋಮ್ (ಒಳಗೇ ವಾಸ ಮಾಡಬಹುದಾದ ಗಾಡಿ) ಇಟ್ಟುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಕೈಯಲ್ಲಿರುವ ದುಡ್ಡು ಒಂದಕ್ಕೆ ಸಾಕು, ಯಾವುದನ್ನು ಆರಿಸಲಿ ಅಂತ.

ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ಬಿಸಿ ಆಗ್ತಿರೋದು ಇಂಜಿನ್ನಾ, ನೀವಾ?

ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಮೇಲೆ ಹೇಳಿದ ಮೂರು ಕೆಲಸಗಳು ಒಂದೇ ಕಾಯಿಲೆಗೆ ಮೂರು ಔಷಧಿ ಅಲ್ಲ, ಬೇರೆ ಬೇರೆ ಕಾಯಿಲೆಗಳ ಔಷಧಿ. ಕಾಯಿಲೆ ಯಾವುದು ಅಂತ ಗೊತ್ತಿಲ್ಲದೆ ಔಷಧಿ ಹೋಲಿಸುತ್ತಾ ಕೂತರೆ ದುಡ್ಡೂ ಹೋಗುತ್ತದೆ, ಬಿಸಿಯೂ ಉಳಿಯುತ್ತದೆ.

ನನಗೆ ಇದು ಗೊತ್ತಾಗಿದ್ದು ಅನುಭವದಿಂದ. ನನ್ನ ವ್ಯಾನ್‌ನಲ್ಲಿ ಇಂಜಿನ್ ಎರಡು ಸೀಟಿನ ನಡುವೆ ಇದೆ. ಅದರ ಮುಚ್ಚಳ, ಅಂದರೆ ನಾವು ಬಾನೆಟ್ ಅನ್ನುವುದು, ಕಾದ ಕಾವಲಿಯ ಹಾಗೆ ಆಗುತ್ತಿತ್ತು. ಪಕ್ಕದಲ್ಲಿ ಕೂತವರು ಕಾಲು ಮಡಚಿ ಕೂರಬೇಕಿತ್ತು. ಒಳ್ಳೆಯ ಮ್ಯಾಟ್ ತಂದು ಎರಡು ಪದರ ಹಾಕಿಸಿದೆ. ಕಾಲಿಗೆ ತಂಪಾಯಿತು, ಸದ್ದೂ ಇಳಿಯಿತು, ತುಂಬಾ ಖುಷಿಪಟ್ಟೆ. ಎರಡು ತಿಂಗಳಾದ ಮೇಲೆ ಒಂದು ಉದ್ದದ ಏರಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಇಂಜಿನ್ ಕುದಿಯಿತು. ನೋಡಿದರೆ ಫ್ಯಾನ್ ಕ್ಲಚ್ (ಬಿಸಿ ಏರಿದಾಗ ರೇಡಿಯೇಟರ್ ಫ್ಯಾನನ್ನು ಜೋರಾಗಿ ತಿರುಗಿಸುವ ಭಾಗ) ಸತ್ತು ಎಷ್ಟೋ ದಿನ ಆಗಿತ್ತು. ಬಾನೆಟ್ ಅಷ್ಟು ಸುಡುತ್ತಿದ್ದುದಕ್ಕೆ ಅದೂ ಒಂದು ಕಾರಣ. ಏರಿನಲ್ಲಿ ಫ್ಯಾನ್ ಜೋರಾಗಿ ಭೋರ್ ಅನ್ನಬೇಕಿತ್ತು. ಆ ಸದ್ದು ಬರುತ್ತಿಲ್ಲ ಅನ್ನುವುದು ಮ್ಯಾಟ್ ಹಾಕಿದ ಮೇಲೆ ನನಗೆ ತಿಳಿಯಲೇ ಇಲ್ಲ.

ಹಾಗಾಗಿ ಹೋಲಿಕೆಗೆ ಮುಂಚೆ ಅಳತೆ.

ಮೂರು ಥರದ ಬಿಸಿ

ಸುಟ್ಟ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಗಾಡಿ ಎಳೆಯುವ ಕೆಲಸಕ್ಕೆ ಬರುತ್ತದೆ. ಹಳೆಯ ಪೆಟ್ರೋಲ್ ಇಂಜಿನ್‌ಗಳಲ್ಲಿ ಅಷ್ಟೂ ಬರುವುದಿಲ್ಲ. ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಕೂಲೆಂಟ್ (ಇಂಜಿನ್ ತಣ್ಣಗಿಡಲು ಓಡುವ ದ್ರವ) ಮೂಲಕ ರೇಡಿಯೇಟರ್‌ಗೆ ಹೋಗುತ್ತದೆ, ಇನ್ನರ್ಧ ಹೊಗೆಯ ಜೊತೆ ಎಕ್ಸಾಸ್ಟ್ (ಸೈಲೆನ್ಸರ್) ಪೈಪಿನಲ್ಲಿ ಹೋಗುತ್ತದೆ. ಕಾರಿನಲ್ಲಿ ಇದೆಲ್ಲ ನಡೆಯುವುದು ನಿಮ್ಮ ಮುಂದೆ, ಒಂದು ಗಟ್ಟಿ ತಗಡಿನ ಗೋಡೆಯ ಆಚೆ. ವ್ಯಾನ್‌ನಲ್ಲಿ ನಿಮ್ಮ ಮೊಣಕಾಲಿನ ಪಕ್ಕ, ಸೀಟಿನ ಕೆಳಗೆ, ಇಲ್ಲವೇ ಹಿಂದೆ ಹಾಸಿಗೆಯ ಅಡಿಯಲ್ಲಿ ನಡೆಯುತ್ತದೆ. ಏರಿನಲ್ಲಿ ತುಂಬಾ ಹೊತ್ತು ಎಳೆದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್‌ಗೆ ಅಂಟಿಕೊಂಡಿರುವ, ಹೊಗೆ ಮೊದಲು ಬರುವ ಎರಕದ ಕೊಳವೆ) 600 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅದಕ್ಕೂ ನಿಮಗೂ ನಡುವೆ ಇರುವುದು ಒಂದು ತೆಳು ಮುಚ್ಚಳ.

ಮೊದಲನೆಯದು ಇಂಜಿನ್ನೇ ಬಿಸಿಯಾಗುವುದು: ಮುಳ್ಳು ಏರುತ್ತದೆ, ಕೂಲೆಂಟ್ ಕುದಿಯುತ್ತದೆ, ಹೊರಗೆ ಚೆಲ್ಲುತ್ತದೆ. ಎರಡನೆಯದರಲ್ಲಿ ಇಂಜಿನ್ ಆರೋಗ್ಯವಾಗಿಯೇ ಇರುತ್ತದೆ, ಒಳಗೆ ಕೂತವರು ಬೇಯುತ್ತಾರೆ. ಮೂರನೆಯದು ಇಂಜಿನ್ ಸುತ್ತ ನಿಂತುಕೊಳ್ಳುವ ಬಿಸಿ. ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸ್ಟಾರ್ಟ್ ಆಗುವುದಿಲ್ಲ, ವೈರುಗಳ ಮೇಲಿನ ಹೊದಿಕೆ ಒಡೆಯುತ್ತದೆ, ಹೋಸ್ ಪೈಪುಗಳು ಗಟ್ಟಿಯಾಗುತ್ತವೆ. ಇಂಜಿನ್ ಆಫ್ ಮಾಡಿದ ಕೂಡಲೇ ನೀರು ಓಡುವುದು, ಗಾಳಿ ಬೀಸುವುದು ಎರಡೂ ನಿಲ್ಲುತ್ತವಲ್ಲ, ಸುತ್ತಲಿನ ಬಿಸಿ ಆಮೇಲೆ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ.

ನಿಮ್ಮದು ಯಾವುದು ಅಂತ ತಿಳಿಯಲು ಎರಡು ವಸ್ತು ಸಾಕು. ಒಂದು, ಅಂಕಿ ತೋರಿಸುವ ಟೆಂಪರೇಚರ್ ಮೀಟರ್. ಹಳೆಯ ಡ್ಯಾಶ್‌ಬೋರ್ಡಿನ ಮುಳ್ಳು C ಮತ್ತು H ನಡುವೆ ಎಲ್ಲೋ ನಿಲ್ಲುತ್ತದೆ, ಅದನ್ನು ನಂಬಿ ಇಂಜಿನ್ ಕಳೆದುಕೊಳ್ಳಬೇಡಿ. ಎರಡು, ಇನ್‌ಫ್ರಾರೆಡ್ ಥರ್ಮಾಮೀಟರ್, ಗುರಿ ಹಿಡಿದು ಗುಂಡಿ ಒತ್ತುವಂಥದ್ದು. ಇದರಲ್ಲಿ ಒಂದು ತೊಡಕಿದೆ. ಹೊಳೆಯುವ ಲೋಹಕ್ಕೆ ಗುರಿ ಹಿಡಿದರೆ ಅದು ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ನೋಡಬೇಕಾದ ಜಾಗಕ್ಕೆ ಬಿಸಿ ತಡೆಯುವ ಕಪ್ಪು ಮ್ಯಾಟ್ ಪೇಂಟ್ ಒಂದು ಚುಕ್ಕೆ ಹಚ್ಚಿ, ಅಲ್ಲಿಗೇ ಪ್ರತಿ ಸಲ ಗುರಿ ಹಿಡಿಯಿರಿ.

ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರ್‌ಗೆ ಹೋಗುವ ದಾರಿ ತೆರೆಯುವ ವಾಲ್ವ್) ಸಾಮಾನ್ಯವಾಗಿ 82 ಅಥವಾ 88 ಡಿಗ್ರಿಯ ಹತ್ತಿರ ತೆರೆಯಲು ಶುರುವಾಗುತ್ತದೆ. ಓಡುವಾಗ 85ರಿಂದ 100ರ ನಡುವೆ ಇದ್ದರೆ ಚಿಂತೆ ಇಲ್ಲ. ಏರಿನಲ್ಲಿ ಸ್ವಲ್ಪ ಏರಿ, ಇಳಿಜಾರಿನಲ್ಲಿ ಬೇಗ ಇಳಿದರೆ ಇಂಜಿನ್ ಸರಿ ಇದೆ ಅಂತಲೇ ಅರ್ಥ. ಏರಿದ್ದು ಇಳಿಯದಿದ್ದರೆ, ಪ್ರತಿ ಏರಿನಲ್ಲೂ ಇನ್ನಷ್ಟು ಮೇಲೆ ಹೋಗುತ್ತಿದ್ದರೆ, ಅದು ಮೊದಲನೆಯ ಥರದ ಬಿಸಿ. ಅದನ್ನು ಸರಿಮಾಡದೆ ಉಳಿದ ಯಾವುದಕ್ಕೂ ದುಡ್ಡು ಹಾಕಬೇಡಿ.

ಯಾವುದರಿಂದ ಅಳೆಯಬೇಕು

ಪ್ರತಿ ಆಯ್ಕೆಗೂ ನಾನು ಕೇಳಿಕೊಳ್ಳುವುದು ಇಷ್ಟು. ಮೇಲಿನ ಮೂರರಲ್ಲಿ ಯಾವ ಬಿಸಿಗೆ ಇದು ಮದ್ದು? ಬಿಸಿಯನ್ನು ಗಾಡಿಯಿಂದ ಹೊರಗೆ ಹಾಕುತ್ತದೋ, ಸುಮ್ನೆ ಒಂದು ಜಾಗದಿಂದ ಇನ್ನೊಂದಕ್ಕೆ ತಳ್ಳುತ್ತದೋ? ಎಣ್ಣೆ ಬಿದ್ದರೆ, ನೀರು ನೆನೆದರೆ ಏನಾಗುತ್ತದೆ? ನಾಳೆ ರಿಪೇರಿಗೆ ಬಿಚ್ಚಬೇಕಾದರೆ ಬಿಚ್ಚಲು ಆಗುತ್ತದಾ? ಹಳೆಯ ಗಾಡಿಯಲ್ಲಿ ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ವ್ಯಾನ್‌ನಲ್ಲಿ ಪ್ಲಗ್ ಬಿಚ್ಚಲು ಕೂಡ ಬಾನೆಟ್ ಎತ್ತಬೇಕು, ಅದು ರಸ್ತೆ ಬದಿಯಲ್ಲಿ ರಾತ್ರಿ ಹೊತ್ತು ಎತ್ತಬೇಕಾದ ದಿನವೂ ಬರುತ್ತದೆ. ಖರ್ಚಿನ ಪ್ರಶ್ನೆ ಇವೆಲ್ಲದರ ಆಮೇಲೆ.

ಕೂಲಿಂಗ್ ಮೊದಲಿನ ಹಾಗೆ ಮಾಡುವುದು

ಇದು ನನ್ನ ಮೊದಲ ಆಯ್ಕೆ, ಎಲ್ಲರಿಗೂ. ಹೊಸದೇನೂ ಸೇರಿಸುವುದಿಲ್ಲ. ಗಾಡಿ ಕಾರ್ಖಾನೆಯಿಂದ ಬಂದಾಗ ಹೇಗೆ ತಣ್ಣಗಾಗುತ್ತಿತ್ತೋ ಹಾಗೆ ಮಾಡುವುದು.

ಅತಿ ಅಗ್ಗದ ಭಾಗ ರೇಡಿಯೇಟರ್ ಕ್ಯಾಪ್. ಅರ್ಧ ನೀರು, ಅರ್ಧ ಕೂಲೆಂಟ್ ಬೆರೆಸಿದ್ದು ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. 15 ಪಿಎಸ್‌ಐ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಅದೇ ಸುಮಾರು 129ಕ್ಕೆ ಹೋಗುತ್ತದೆ. ಒಂದು ಪುಟ್ಟ ಸ್ಪ್ರಿಂಗು, ಒಂದು ರಬ್ಬರ್ ವಾಷರ್, ಅಷ್ಟರಿಂದ 20 ಡಿಗ್ರಿಗೂ ಹೆಚ್ಚು ವ್ಯತ್ಯಾಸ. ಹಾಗಂತ ಗಾಡಿಗೆ ಹೇಳಿದ್ದಕ್ಕಿಂತ ಜಾಸ್ತಿ ಒತ್ತಡದ ಕ್ಯಾಪ್ ಹಾಕಬೇಡಿ. ಹಳೆಯ ರೇಡಿಯೇಟರ್ ಬೆಸುಗೆ ಬಿಡುತ್ತದೆ, ಇಲ್ಲ ಒಳಗಿನ ಹೀಟರ್ ಒಡೆದು ಕುದಿಯುವ ನೀರು ನಿಮ್ಮ ಕಾಲ ಮೇಲೆ ಬರುತ್ತದೆ.

ಕೂಲೆಂಟ್ ಜಾಸ್ತಿ ಹಾಕಿದಷ್ಟೂ ತಂಪು ಅಂತ ಕೆಲವರು ಅಂದುಕೊಂಡಿರುತ್ತಾರೆ. ತಪ್ಪು. ಬಿಸಿ ಹೊರುವ ಶಕ್ತಿ ನೀರಿಗೇ ಜಾಸ್ತಿ. ಕೂಲೆಂಟ್ ಬೇಕಾಗಿರುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು, ಚಳಿಯಲ್ಲಿ ಹೆಪ್ಪುಗಟ್ಟದಿರಲು. ಅರ್ಧಕ್ಕರ್ಧ ಸಾಕು. ಇನ್ನೊಂದು ಮಾತು, ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸಿಹಿಯಾಗಿರುತ್ತದೆ ಮತ್ತು ವಿಷ. ಬದಲಾಯಿಸುವಾಗ ನೆಲಕ್ಕೆ ಚೆಲ್ಲಬೇಡಿ, ನಾಯಿ ಬೆಕ್ಕು ನೆಕ್ಕುತ್ತವೆ.

ಥರ್ಮೋಸ್ಟಾಟ್ ತೆಗೆದು ಎಸೆದರೆ ಬಿಸಿ ಕಡಿಮೆ ಆಗುತ್ತದೆ ಅನ್ನುವ ಸಲಹೆ ಇನ್ನೂ ಓಡಾಡುತ್ತಿದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಇಂಜಿನ್‌ನಲ್ಲೇ ಸುತ್ತುತ್ತದೆ, ಬಿಸಿ ಇನ್ನೂ ಏರುತ್ತದೆ. ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಕೂಡ ಪರಿಹಾರ ಅಲ್ಲ. ಅದು ಬೇಗ ತೆರೆಯುತ್ತದೆ ಅಷ್ಟೆ. ಪೂರ್ತಿ ತೆರೆದ ಮೇಲೂ ರೇಡಿಯೇಟರ್‌ಗೆ ಸಾಮರ್ಥ್ಯ ಸಾಲದಿದ್ದರೆ ಐದು ನಿಮಿಷ ತಡವಾಗಿ ಅದೇ ಜಾಗಕ್ಕೆ ಬಂದು ನಿಲ್ಲುತ್ತೀರಿ.

ರೇಡಿಯೇಟರ್ ಮುಂದೆ ಏಸಿ ಕಂಡೆನ್ಸರ್ (ಏಸಿಯ ಬಿಸಿ ಹೊರಹಾಕುವ ಜಾಲರಿ) ಇದ್ದರೆ ಅವೆರಡರ ನಡುವೆ ಇಣುಕಿ ನೋಡಿ. ಧೂಳು, ಹುಳ, ಒಣ ಎಲೆ, ಎಲ್ಲ ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ಮೆಲ್ಲಗೆ ತೊಳೆಯಿರಿ. ಜೋರು ಪ್ರೆಶರ್ ಬಿಟ್ಟರೆ ಫಿನ್ನುಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ. ಒಳಗಡೆ ಕಟ್ಟಿದೆಯಾ ಅಂತ ತಿಳಿಯಲು ಬಿಸಿ ಇಂಜಿನ್ ಆಫ್ ಮಾಡಿದ ಕೂಡಲೇ ಥರ್ಮಾಮೀಟರಿನಿಂದ ರೇಡಿಯೇಟರ್ ಮೈಯೆಲ್ಲ ನೋಡಿ. ನಡುವೆ ಎಲ್ಲಾದರೂ ಒಂದು ತಣ್ಣನೆಯ ತೇಪೆ ಸಿಕ್ಕರೆ ಅಲ್ಲಿ ನೀರು ಓಡುತ್ತಿಲ್ಲ.

ಫ್ಯಾನ್ ಕ್ಲಚ್ ಬಗ್ಗೆ ನಾನು ಮೇಲೆ ಹೇಳಿದ್ದೇನೆ. ಇಂಜಿನ್ ಪೂರ್ತಿ ಬಿಸಿ ಇದ್ದಾಗ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿ, ಫ್ಯಾನನ್ನು ಕೈಯಿಂದ ತಿರುಗಿಸಿ. ತಡೆ ಇರಬೇಕು. ಸಲೀಸಾಗಿ ಎರಡು ಮೂರು ಸುತ್ತು ಹೋದರೆ ಅದು ಮುಗಿದಿದೆ. ಕ್ಲಚ್ ಮೈಮೇಲೆ ಎಣ್ಣೆಯ ಗೆರೆಗಳಿದ್ದರೆ ಒಳಗಿನ ಸಿಲಿಕೋನ್ ದ್ರವ ಸೋರಿದೆ. ಹಾಗೇ ಫ್ಯಾನ್ ಸುತ್ತ ಇರುವ ಪ್ಲಾಸ್ಟಿಕ್ ಕವಚ ಒಡೆದಿದೆಯಾ, ರೇಡಿಯೇಟರ್ ಕೆಳಗೆ ಇರಬೇಕಾದ ಗಾಳಿ ತಡೆಯ ಪಟ್ಟಿ ಇದೆಯಾ ನೋಡಿ. ಆ ಪಟ್ಟಿ ಯಾವುದೋ ಕಲ್ಲಿಗೆ ತಾಗಿ ಕಿತ್ತುಹೋಗಿರುತ್ತದೆ, ಯಾರೂ ಮತ್ತೆ ಹಾಕಿರುವುದಿಲ್ಲ. ಅದು ಗಾಡಿಯ ಅಡಿ ಗಾಳಿಯ ಒತ್ತಡ ಕಡಿಮೆ ಮಾಡಿ ಇಂಜಿನ್ ಸುತ್ತಲಿನ ಬಿಸಿಗಾಳಿಯನ್ನು ಕೆಳಕ್ಕೆ ಎಳೆಯುತ್ತದೆ. ಅದಿಲ್ಲದೆ ವೇಗವಾಗಿ ಓಡುವಾಗಲೇ ಬಿಸಿಯಾಗುವ ಗಾಡಿಗಳಿವೆ.

ಇಷ್ಟೂ ಮಾಡಿ ಕೂಲೆಂಟ್ ಇನ್ನೂ ಕಡಿಮೆ ಆಗುತ್ತಿದೆ, ಹೊರಗೆ ಎಲ್ಲೂ ಸೋರುತ್ತಿಲ್ಲ ಅಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ತಲೆ ಮತ್ತು ಬ್ಲಾಕ್ ನಡುವಿನ ಸೀಲ್) ಪರೀಕ್ಷೆ ಮಾಡಿಸಿ. ನೀಲಿ ದ್ರವ ಹಳದಿಯಾಗುವ ಪರೀಕ್ಷೆ ಅದು, ಹೊಗೆ ಕೂಲೆಂಟ್‌ಗೆ ಸೇರುತ್ತಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ದೊಡ್ಡ ರೇಡಿಯೇಟರೋ, ಎಲೆಕ್ಟ್ರಿಕ್ ಫ್ಯಾನೋ?

ಎಲೆಕ್ಟ್ರಿಕ್ ಫ್ಯಾನ್ ಹಾಕಿದರೆ ಇಂಜಿನ್ ಮೇಲಿನ ಹೊರೆ ಕಡಿಮೆ, ಟ್ರಾಫಿಕ್ಕಿನಲ್ಲಿ ನಿಂತಾಗಲೂ ಪೂರ್ತಿ ವೇಗದಲ್ಲಿ ಬೀಸುತ್ತದೆ, ಇಂಜಿನ್ ಆಫ್ ಆದ ಮೇಲೂ ಸ್ವಲ್ಪ ಹೊತ್ತು ಓಡಿಸಬಹುದು. ಮೂರನೆಯ ಥರದ ಬಿಸಿಗೆ ಇದು ದೊಡ್ಡ ಲಾಭ. ಊರೊಳಗೆ ನಿಂತು ನಿಂತು ಓಡುವ ಸಣ್ಣ ವ್ಯಾನ್‌ಗೆ ಒಳ್ಳೆಯ ಆಯ್ಕೆ.

ತೂಕದ ಮೋಟಾರ್‌ಹೋಮ್‌ಗೆ ನಾನು ಹೇಳುವುದು ಬೇರೆ. ಅದಕ್ಕೆ ಕಷ್ಟ ಬರುವುದು 40 ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಅರ್ಧ ಗಂಟೆ ಏರು ಹತ್ತುವಾಗ. ಆಗ ಎದುರು ಗಾಳಿ ಸಾಲದು, ಬೇಕಾಗುವ ಗಾಳಿಯೆಲ್ಲ ಫ್ಯಾನ್‌ನಿಂದಲೇ ಬರಬೇಕು. ಕ್ಲಚ್ ಹಿಡಿದ ದೊಡ್ಡ ಮೆಕಾನಿಕಲ್ ಫ್ಯಾನ್ ಎಳೆಯುವಷ್ಟು ಗಾಳಿಯನ್ನು ಎಳೆಯಲು ಸಾಮಾನ್ಯ ಎಲೆಕ್ಟ್ರಿಕ್ ಫ್ಯಾನ್‌ಗೆ ಆಗುವುದಿಲ್ಲ. ದೊಡ್ಡ ಎಲೆಕ್ಟ್ರಿಕ್ ಫ್ಯಾನ್ ಒಂದಕ್ಕೆ 30 ಆಂಪಿಯರ್ ಬೇಕು ಅಂದರೆ ಸುಮಾರು 420 ವ್ಯಾಟ್. ಎರಡು ಹಾಕಿದರೆ 60 ಆಂಪಿಯರ್. ಹಳೆಯ ಆಲ್ಟರ್ನೇಟರ್ (ಗಾಡಿಯಲ್ಲಿ ಕರೆಂಟ್ ಹುಟ್ಟಿಸುವ ಯಂತ್ರ) ಒಟ್ಟು ಕೊಡುವುದೇ ಅಷ್ಟಿದ್ದರೆ ಹೆಡ್‌ಲೈಟ್, ವೈಪರ್, ಬ್ಯಾಟರಿ ಚಾರ್ಜ್‌ಗೆ ಏನು ಉಳಿಯಿತು? ಆಲ್ಟರ್ನೇಟರ್ ಬದಲಿಸಬೇಕು, ದಪ್ಪ ವೈರು, ರಿಲೇ, ಫ್ಯೂಸು ಹಾಕಬೇಕು. ಅಷ್ಟೆಲ್ಲ ಮಾಡಿದರೂ ಕತ್ತಲಲ್ಲಿ ಒಂದು ರಿಲೇ ಸುಟ್ಟರೆ ಫ್ಯಾನ್ ನಿಂತಿತು. ಒಳ್ಳೆಯ ಹೊಸ ಫ್ಯಾನ್ ಕ್ಲಚ್ ಮತ್ತು ಸರಿಯಾದ ಕವಚ ಇದಕ್ಕಿಂತ ಅಗ್ಗ, ನಂಬಿಕೆಯೂ ಹೆಚ್ಚು. ಫ್ಯಾನಿನ ಎಲೆಗಳು ಕವಚದೊಳಗೆ ಸುಮಾರು ಅರ್ಧ, ಹೊರಗೆ ಅರ್ಧ ಇರಬೇಕು.

ದೊಡ್ಡ ರೇಡಿಯೇಟರ್ ಮಾಡಿಸುವುದು ಯಾವಾಗ? ಹಳೆಯದು ಒಳಗೆ ಕಟ್ಟಿ, ಹೇಗೂ ಬದಲಿಸಲೇಬೇಕು ಅಂದಾಗ. ಆಗ ಒಂದು ಸಾಲು ಜಾಸ್ತಿ ಇರುವ ಕೋರ್ (ನೀರು ಓಡುವ ಕೊಳವೆಗಳ ಜಾಲ) ಹಾಕಿಸಿ. ಹಳೆಯದು ತಾಮ್ರ ಹಿತ್ತಾಳೆಯದ್ದಾಗಿದ್ದರೆ ಅದೇ ಟ್ಯಾಂಕ್ ಉಳಿಸಿ ಕೋರ್ ಮಾತ್ರ ಬದಲಿಸಬಹುದು, ಮುಂದೆ ರಿಪೇರಿಯೂ ಸುಲಭ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರ್ ಹಗುರ, ಅಗ್ಗ, ಆದರೆ ಟ್ಯಾಂಕ್ ಬಿರುಕು ಬಿಟ್ಟರೆ ಪೂರ್ತಿ ಬದಲಿಸುವುದೇ. ಫ್ಯಾನ್ ಸತ್ತಿರುವ ಗಾಡಿಗೆ ದೊಡ್ಡ ರೇಡಿಯೇಟರ್ ಹಾಕಿದರೆ ಏನೂ ಬದಲಾಗುವುದಿಲ್ಲ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವವರು ಇನ್ನೊಂದು ನೋಡಬೇಕು. ಅನೇಕ ಗಾಡಿಗಳಲ್ಲಿ ಗೇರ್ ಎಣ್ಣೆ ತಣ್ಣಗಾಗುವುದು ಅದೇ ರೇಡಿಯೇಟರಿನ ಟ್ಯಾಂಕಿನೊಳಗೆ. ಏರಿನಲ್ಲಿ ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಜಾರುತ್ತಾ ಎಣ್ಣೆ ಕಾಯುತ್ತದೆ, ಆ ಬಿಸಿಯೂ ಕೂಲೆಂಟ್ ತಲೆಗೇ ಬರುತ್ತದೆ. ಎಣ್ಣೆ 120 ಡಿಗ್ರಿ ದಾಟಿದರೆ ಬೇಗ ಕೆಡುತ್ತದೆ, ಹಿಂದೆಯೇ ಗೇರ್‌ಬಾಕ್ಸ್ ಕೂಡ. ಹಿಂದೆ ಟ್ರೇಲರ್ ಎಳೆಯುವವರಿಗೆ, ಬೆಟ್ಟದ ದಾರಿಯಲ್ಲೇ ಓಡಾಡುವವರಿಗೆ ಪ್ರತ್ಯೇಕ ಗೇರ್ ಎಣ್ಣೆ ಕೂಲರ್ ದೊಡ್ಡ ರೇಡಿಯೇಟರ್‌ಗಿಂತ ಮೊದಲು ಬೇಕು. ಸಾಧ್ಯವಾದರೆ ಅದನ್ನು ರೇಡಿಯೇಟರ್ ಮುಂದೆ ಕೂರಿಸದೆ ಬೇರೆ ಕಡೆ, ಅದರದ್ದೇ ಸಣ್ಣ ಫ್ಯಾನ್ ಜೊತೆ ಕೂರಿಸಿ.

ಇನ್ನು ಒಳಗೆ ಕೂತವರ ಬಿಸಿ

ಇಲ್ಲಿ ಎಲ್ಲರೂ ಮ್ಯಾಟ್‌ನಿಂದ ಶುರು ಮಾಡುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ.

ಮೊದಲು ಹೀಟರ್ ನೋಡಿ. ಎಷ್ಟೋ ಗಾಡಿಗಳಲ್ಲಿ ಹೀಟರ್ ಆಫ್ ಮಾಡಿದರೂ ಅದರೊಳಗೆ 90 ಡಿಗ್ರಿಯ ಕೂಲೆಂಟ್ ಓಡುತ್ತಲೇ ಇರುತ್ತದೆ. ಒಳಗಿನ ಒಂದು ಬಾಗಿಲು ಮಾತ್ರ ಬಿಸಿ ಗಾಳಿಯನ್ನು ತಡೆದಿರುತ್ತದೆ. ಮೂವತ್ತು ವರ್ಷ ಆದ ಮೇಲೆ ಆ ಬಾಗಿಲಿನ ಸ್ಪಂಜು ಪುಡಿಯಾಗಿರುತ್ತದೆ. ಅಂದರೆ ಕಡು ಬೇಸಿಗೆಯಲ್ಲೂ ನೀವು ಹೀಟರ್ ಹಾಕಿಕೊಂಡೇ ಓಡಿಸುತ್ತಿದ್ದೀರಿ! ಮೋಟಾರ್‌ಹೋಮ್‌ಗಳಲ್ಲಿ ಹಿಂದೆ ಹಾಸಿಗೆಯ ಅಡಿ ಇನ್ನೊಂದು ಹೀಟರ್, ಅಲ್ಲಿವರೆಗೆ ಉದ್ದದ ಬಿಸಿ ಪೈಪುಗಳು ಇರಬಹುದು. ಹೀಟರ್‌ಗೆ ಹೋಗುವ ಹೋಸ್‌ನಲ್ಲಿ ಒಂದು ವಾಲ್ವ್ ಹಾಕಿ ಬೇಸಿಗೆಯಲ್ಲಿ ಮುಚ್ಚಿಬಿಡಿ. ಖರ್ಚು ಅತಿ ಕಡಿಮೆ, ಅರ್ಧ ದಿನದ ಕೆಲಸ, ಫಲ ಅದೇ ದಿನ ಗೊತ್ತಾಗುತ್ತದೆ. ಒಂದೇ ಎಚ್ಚರ: ಕೆಲವು ಇಂಜಿನ್‌ಗಳಿಗೆ ಹೀಟರ್ ದಾರಿಯಲ್ಲಿ ನೀರು ಸದಾ ಓಡುತ್ತಿರಬೇಕು. ಅಂಥವಕ್ಕೆ ನಾಲ್ಕು ಬಾಯಿಯ ಬೈಪಾಸ್ ವಾಲ್ವ್ ಹಾಕಿ, ಹೀಟರ್ ಮುಚ್ಚಿದರೂ ನೀರು ತಿರುಗಿ ಇಂಜಿನ್‌ಗೆ ಹೋಗುತ್ತದೆ.

ಆಮೇಲೆ ಸಂದಿಗಳು. ಬಾನೆಟ್‌ನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಚಪ್ಪಟೆಯಾಗಿರುತ್ತದೆ. ಸ್ಟಿಯರಿಂಗ್ ಕೋಲು, ಪೆಡಲು, ವೈರು ಹೋಗುವ ತೂತುಗಳ ರಬ್ಬರ್ ಬಿದ್ದುಹೋಗಿರುತ್ತದೆ. ಫ್ಯಾನ್ ಹಿಂದಕ್ಕೆ ತಳ್ಳುವ ಬಿಸಿಗಾಳಿ ಇಲ್ಲಿಂದ ಸೀದಾ ಒಳಗೆ ಬರುತ್ತದೆ. ಹೊರಗೆ ಕತ್ತಲಿದ್ದಾಗ ಇಂಜಿನ್ ಬದಿಯಲ್ಲಿ ಒಂದು ಲೈಟ್ ಇಟ್ಟು ಒಳಗೆ ಕೂತು ನೋಡಿ, ಬೆಳಕು ಬರುವ ಕಡೆಯಲ್ಲೆಲ್ಲ ಬಿಸಿಯೂ ಬರುತ್ತದೆ. ಮತ್ತು ಬಿಸಿಗಿಂತ ಕೆಟ್ಟದ್ದು ಬರಬಹುದು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಅದೇ ಸಂದಿಯಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ನಿದ್ದೆ ಮಂಪರು ಅಂತ ಶುರುವಾಗಿ ಜೀವ ತೆಗೆಯುತ್ತದೆ. ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುವ ಸದ್ದು, ಗ್ಯಾಸ್ಕೆಟ್ ಹತ್ತಿರ ಕಪ್ಪು ಮಸಿ ಕಂಡರೆ ಮೊದಲು ಅದನ್ನು ಸರಿಮಾಡಿಸಿ. ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಗಾಡಿಯಲ್ಲಿ ಇರಲೇಬೇಕು, ನಿಮ್ಮ ಬಜೆಟ್ ಎಷ್ಟೇ ಇರಲಿ.

ಎಕ್ಸಾಸ್ಟ್: ಪಟ್ಟಿ, ಲೇಪ, ತಗಡು

ಬಿಸಿಯ ಮೂಲವನ್ನೇ ತಡೆಯುವ ದಾರಿ ಇದು. ಬಿಸಿ ಲೋಹ ಕಾವು ಸೂಸುವ ರೀತಿ ವಿಚಿತ್ರ. ಮೇಲ್ಮೈ 600 ಡಿಗ್ರಿ ಇದ್ದದ್ದು 300ಕ್ಕೆ ಇಳಿದರೆ ಸೂಸುವ ಕಾವು ಅರ್ಧ ಆಗುವುದಿಲ್ಲ, ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಪಟ್ಟಿ ಸುತ್ತಿದವರು ಮೊದಲ ದಿನವೇ ವ್ಯತ್ಯಾಸ ಕಾಣುತ್ತಾರೆ.

ಪಟ್ಟಿ ಅಗ್ಗ, ಮನೆಯಲ್ಲೇ ಸುತ್ತಬಹುದು. ಗ್ಲಾಸ್ ಫೈಬರ್‌ದು ಅಗ್ಗ, ಬಸಾಲ್ಟ್ ನಾರಿನದ್ದು ಇನ್ನೂ ಹೆಚ್ಚು ಬಿಸಿ ತಡೆಯುತ್ತದೆ. ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಮೊದಲ ಸಲ ಕಾದಾಗ ಹೊಗೆ ಬರುತ್ತದೆ, ಅದು ಮಾಮೂಲು. ಆದರೆ ಹಳೆಯ ಗಾಡಿಗೆ ಇದರ ಬೆಲೆ ಬೇರೆ ರೂಪದಲ್ಲಿ ತೆರಬೇಕು. ಪಟ್ಟಿ ನೀರು ಹೀರಿ ಹಿಡಿದುಕೊಳ್ಳುತ್ತದೆ, ಒಳಗೆ ಪೈಪು ತುಕ್ಕು ಹಿಡಿಯುತ್ತದೆ, ನಿಮಗೆ ಕಾಣುವುದಿಲ್ಲ. ಬಿಸಿ ಒಳಗೇ ಉಳಿಯುವುದರಿಂದ ಲೋಹ ಮೊದಲಿಗಿಂತ ಜಾಸ್ತಿ ಕಾಯುತ್ತದೆ, ಮೊದಲೇ ದಣಿದ ಎರಕದ ಮ್ಯಾನಿಫೋಲ್ಡ್ ಬಿರುಕು ಬಿಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹಳೆಯ ಇಂಜಿನ್‌ನಲ್ಲಿ ಎಣ್ಣೆ ಜಿನುಗದೆ ಇರುವುದುಂಟಾ? ವಾಲ್ವ್ ಕವರಿನಿಂದ ಜಿನುಗಿದ ಎಣ್ಣೆಯಲ್ಲಿ ನೆನೆದ ಪಟ್ಟಿ ದೀಪದ ಬತ್ತಿ ಇದ್ದ ಹಾಗೆ. ಎಣ್ಣೆ ಸೋರುವ ಇಂಜಿನ್‌ಗೆ ಪಟ್ಟಿ ಬೇಡವೇ ಬೇಡ.

ಸೆರಾಮಿಕ್ ಲೇಪ ನೀರು ಹೀರುವುದಿಲ್ಲ, ತುಕ್ಕಿನಿಂದ ಕಾಪಾಡುತ್ತದೆ, ಎಣ್ಣೆ ಬಿದ್ದರೆ ಒರೆಸಬಹುದು. ಆದರೆ ಮ್ಯಾನಿಫೋಲ್ಡ್ ಬಿಚ್ಚಿ, ಮರಳು ಹೊಡೆಸಿ, ಲೇಪ ಹಾಕಿಸಿ, ಬೇಯಿಸಬೇಕು. ಹಳೆಯ ಇಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಬೋಲ್ಟ್ ತುಂಡಾಗದೆ ಬಿಚ್ಚುವುದು ಅದೃಷ್ಟ. ಗ್ಯಾಸ್ಕೆಟ್‌ಗೆ ಅಂತ ಹೇಗೂ ಬಿಚ್ಚುತ್ತಿದ್ದೀರಾ? ಹಾಗಾದರೆ ಲೇಪ ಹಾಕಿಸಿಬಿಡಿ. ಇದಕ್ಕೆ ಅಂತಲೇ ಬಿಚ್ಚಬೇಡಿ.

ನನಗೆ ಇಷ್ಟವಾದದ್ದು ತಗಡು. ಮ್ಯಾನಿಫೋಲ್ಡ್ ಮತ್ತು ಬಾನೆಟ್ ನಡುವೆ, ಅಥವಾ ಪೈಪು ಮತ್ತು ನೆಲದ ನಡುವೆ, ಹೊಳೆಯುವ ಅಲ್ಯೂಮಿನಿಯಂ ಇಲ್ಲವೇ ಸ್ಟೀಲ್ ತಗಡು, ಎರಡೂ ಬದಿ ಒಂದೆರಡು ಸೆಂಟಿಮೀಟರ್ ಗಾಳಿ ಬಿಟ್ಟು, ಬೋಲ್ಟ್ ಮತ್ತು ಉದ್ದ ವಾಷರ್ ಹಾಕಿ ನಿಲ್ಲಿಸುವುದು. ಹೊಳೆಯುವ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಕಾವಿನಲ್ಲಿ 90 ಶೇಕಡಾಕ್ಕಿಂತ ಹೆಚ್ಚು ವಾಪಸ್ ಕಳಿಸುತ್ತದೆ. ಆ ಗಾಳಿಯ ಸಂದಿ ಇಲ್ಲದೆ ಅಂಟಿಸಿದರೆ ಅದು ಬರೀ ಬಿಸಿ ತಗಡು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಮ್ಯಾನಿಫೋಲ್ಡ್‌ಗೆ ತೀರಾ ಹತ್ತಿರ ಸ್ಟೀಲೇ ಸರಿ. ತಗಡು ತುಕ್ಕು ತರುವುದಿಲ್ಲ, ಎಣ್ಣೆ ಹೀರುವುದಿಲ್ಲ, ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಕಾರ್ಖಾನೆಯವರು ಹಾಕಿದ ತಗಡನ್ನು ಹಿಂದಿನ ಮಾಲೀಕರು ಗಡಗಡ ಸದ್ದು ಅಂತ ಕಿತ್ತು ಹಾಕಿದ್ದರೆ ಮೊದಲು ಅದನ್ನೇ ಮರಳಿ ಹಾಕಿ.

ಬಾನೆಟ್‌ಗೆ ಮ್ಯಾಟ್

ಈಗ ಬಂತು ಮ್ಯಾಟ್. ಬ್ಯುಟೈಲ್ (ಅಂಟು ರಬ್ಬರ್) ಹಾಳೆ ಇರುವುದು ತಗಡಿನ ಅದುರು ತಡೆಯಲು, ಬಿಸಿ ತಡೆಯಲು ಅಲ್ಲ. ಟಾರಿನ ಮ್ಯಾಟ್ ಇಂಜಿನ್ ಬಿಸಿಗೆ ಮೆತ್ತಗಾಗಿ ನಾರುತ್ತದೆ, ಕಳಚಿ ಬೀಳುತ್ತದೆ. ಗುಳ್ಳೆ ಗುಳ್ಳೆಯ ಬೆಳ್ಳಿ ಹಾಳೆ ಕಿಟಕಿಗೆ ಚೆನ್ನ, ಇಂಜಿನ್ ಹತ್ತಿರ ಕರಗುತ್ತದೆ. ಮನೆ ಸೂರಿಗೆ ಹಾಕುವ ಗ್ಲಾಸ್ ವೂಲ್ ಎಣ್ಣೆ, ನೀರು ಎರಡನ್ನೂ ಹೀರುತ್ತದೆ. ಸಾಮಾನ್ಯ ಫೋಮ್ ಹೊತ್ತಿ ಉರಿಯುತ್ತದೆ.

ಇಂಜಿನ್ ಬದಿಗೆ ಬೇಕಾಗಿರುವುದು ಅಲ್ಯೂಮಿನಿಯಂ ಮುಖ ಇರುವ, ಬೆಂಕಿ ತಗಲದ ಗ್ಲಾಸ್ ಅಥವಾ ಸೆರಾಮಿಕ್ ನಾರಿನ ಮ್ಯಾಟ್. ಅಂಟು ಒಂದನ್ನೇ ನಂಬಬೇಡಿ, ಬಿಸಿಗೆ ಬಿಡುತ್ತದೆ, ಬಿದ್ದ ಮ್ಯಾಟ್ ಬೆಲ್ಟಿಗೆ ಸಿಕ್ಕರೆ ಅನಾಹುತ. ದೊಡ್ಡ ವಾಷರ್ ಹಾಕಿ ಸ್ಕ್ರೂ ಇಲ್ಲವೇ ರಿವೆಟ್ ಹೊಡೆಸಿ, ಅಂಚುಗಳನ್ನು ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ. ದಪ್ಪ ನೋಡಿಕೊಳ್ಳಿ. ಏರ್ ಫಿಲ್ಟರಿಗೆ ತಾಗಬಾರದು, ಕ್ಲಿಪ್ ಬಿಗಿಯಾಗಿ ಕೂರಬೇಕು, ಇಲ್ಲದಿದ್ದರೆ ಬೀಡಿಂಗ್ ಬಿಟ್ಟುಕೊಂಡು ಬಿಸಿಗಾಳಿ ಮತ್ತೆ ಒಳಗೆ. ಒಳಬದಿಗೆ ಭಾರದ ವಿನೈಲ್ ಹಾಳೆ ಮತ್ತು ಕಾರ್ಪೆಟ್ ಹಾಕಿದರೆ ಸದ್ದೂ ಇಳಿಯುತ್ತದೆ, ಮಾತಾಡಲು ಕೂಗಬೇಕಾಗಿಲ್ಲ. ಉದ್ದ ಪ್ರಯಾಣ ಮಾಡುವವರಿಗೆ, ಸಣ್ಣ ಮಕ್ಕಳು ಮುಂದೆ ಕೂರುವ ಗಾಡಿಗೆ ಇದು ಖಂಡಿತ ಬೇಕು.

ಮ್ಯಾಟ್ ಬಿಸಿಯನ್ನು ಹೊರಗೆ ಹಾಕುವುದಿಲ್ಲ, ಇಂಜಿನ್ ಕಡೆಗೇ ತಡೆದು ನಿಲ್ಲಿಸುತ್ತದೆ. ಆ ಬಿಸಿಗೆ ಹೋಗಲು ಬೇರೆ ದಾರಿ ಇರಬೇಕು.

ದಾರಿ ಮಾಡುವುದು

ಮುಂದಿನ ಬಾನೆಟ್‌ನ ಹಿಂಬದಿಯನ್ನು ವಾಷರ್ ಕೊಟ್ಟು ಎತ್ತುವುದು ಪುಕ್ಕಟೆ ಉಪಾಯ ಅಂತ ಪ್ರಸಿದ್ಧ. ಗಾಡಿ ನಿಂತಿದ್ದಾಗ ಬಿಸಿ ಮೇಲಕ್ಕೆ ಹೋಗುತ್ತದೆ, ನಿಜ. ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ. ಗಾಳಿ ಹೊರಬರುವ ಬದಲು ಒಳಗೆ ನುಗ್ಗಬಹುದು, ಒಳಗಿನ ಬಿಸಿ ಗಾಜಿನ ಕೆಳಗಿನ ಜಾಲರಿಯಿಂದ ಕ್ಯಾಬಿನ್‌ಗೂ ಬರಬಹುದು. ಸೀಳು ಕೊರೆಸುವುದಾದರೆ ರೇಡಿಯೇಟರ್ ಹಿಂದೆ, ಬಾನೆಟ್‌ನ ಮುಂಭಾಗದಲ್ಲಿ ಕೊರೆಸಿ. ನಿಂತ ಮೇಲಿನ ಬಿಸಿಗೆ ದೋಣಿಗಳಲ್ಲಿ ಬಳಸುವಂಥ ಸಣ್ಣ ಬ್ಲೋವರ್ ಒಂದನ್ನು ಟೈಮರ್ ಜೊತೆ ಹಾಕುವುದು ಚೆನ್ನಾಗಿ ಕೆಲಸ ಮಾಡುತ್ತದೆ.

ಬಿಸಿ ಇಂಜಿನ್ ಸ್ಟಾರ್ಟ್ ಆಗದಿರುವುದು ಕಾರ್ಬ್ಯುರೇಟರ್ ಗಾಡಿಗಳ ಕಥೆ. ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ, ಪಂಪ್‌ಗೆ ಎಳೆಯಲು ದ್ರವ ಸಿಗುವುದಿಲ್ಲ. ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ಅದಕ್ಕೆ ಬಿಸಿ ತಡೆಯುವ ತೋಳು ಹಾಕಿ, ಕಾರ್ಬ್ಯುರೇಟರ್ ಕೆಳಗೆ ಬಿಸಿ ದಾಟದ ಸ್ಪೇಸರ್ ಕೊಡಿಸಿ. ಆಗಲೂ ಹೋಗದಿದ್ದರೆ ಟ್ಯಾಂಕ್ ಹತ್ತಿರ ಎಲೆಕ್ಟ್ರಿಕ್ ಪಂಪ್.

ಹಿಂದೆ ಇಂಜಿನ್ ಇರುವವರಿಗೆ ಎರಡು ಮಾತು. ಹಳೆಯ ಫೋಕ್ಸ್‌ವ್ಯಾಗನ್ ಬಸ್ಸಿನಂಥ ಗಾಳಿಯಿಂದ ತಣ್ಣಗಾಗುವ ಇಂಜಿನ್‌ಗೆ ಸುತ್ತಲಿನ ತಗಡು ಮತ್ತು ರಬ್ಬರ್ ಸೀಲ್ ಜೀವಾಳ. ಸೀಲ್ ಹೋಗಿದ್ದರೆ ಕೆಳಗಿನ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆದು ಇಂಜಿನ್ ಮೇಲೆ ಬಿಡುತ್ತದೆ. ಇದಕ್ಕೆ ಉಳಿದ ಯಾವುದೂ ಬದಲಿ ಅಲ್ಲ. ಅದರ ನಂತರ ಬಂದ, ಮುಂದೆ ರೇಡಿಯೇಟರ್ ಹಿಂದೆ ಇಂಜಿನ್ ಇರುವ ನೀರಿನ ಮಾದರಿಗಳಲ್ಲಿ ಉದ್ದದ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಕೂಲೆಂಟ್ ತುಂಬುವಾಗ ಗಾಡಿಯ ಮುಂಭಾಗ ಎತ್ತಿ ನಿಲ್ಲಿಸಿ ಗಾಳಿ ತೆಗೆಯಬೇಕು.

ಹಾಗಾದರೆ ನಿಮಗೆ ಯಾವುದು?

ವರ್ಷಕ್ಕೆ ಎರಡು ಮೂರು ಸಲ ಹೊರಡುವವರು, ಕೈ ಬಿಗಿ ಇರುವವರು: ಕ್ಯಾಪ್, ಹೊಸ ಕೂಲೆಂಟ್, ರೇಡಿಯೇಟರ್ ತೊಳೆಯುವುದು, ಹೀಟರ್ ವಾಲ್ವ್, ಬೀಡಿಂಗ್, ಅಲಾರಂ. ಇಷ್ಟಕ್ಕೆ ನಿಲ್ಲಿಸಿ. ಮ್ಯಾಟ್ ಮುಂದಿನ ವರ್ಷ.

ಗಾಡಿಯಲ್ಲೇ ವಾಸ ಮಾಡುವವರು ಇಷ್ಟರ ಜೊತೆಗೆ ತಗಡು, ಆಮೇಲೆ ಒಳ್ಳೆಯ ಮ್ಯಾಟ್, ನಿಂತ ಮೇಲೆ ಬಿಸಿ ಎಳೆಯುವ ಬ್ಲೋವರ್ ಹಾಕಿಸಿ. ಭಾರ ಹೊತ್ತು ಬೆಟ್ಟ ಹತ್ತುವವರು ಫ್ಯಾನ್ ಕ್ಲಚ್, ಕವಚ, ಗೇರ್ ಎಣ್ಣೆ ಕೂಲರ್ ಮೊದಲು ನೋಡಿ, ರೇಡಿಯೇಟರ್ ಆಮೇಲೆ. ಒಳಗಿನ ತಂಪಿನ ಯೋಚನೆ ಇವೆಲ್ಲ ಮುಗಿದ ಮೇಲೆ.

ಇದಾವುದನ್ನೂ ಇನ್ನೂ ಮಾಡಿಸಿಲ್ಲ, ನಾಳೆಯೇ ಹೊರಡಬೇಕು ಅಂದರೆ ಏರು ಶುರುವಾಗುವ ಮುಂಚೆಯೇ ಒಂದು ಗೇರ್ ಕೆಳಗೆ ಬನ್ನಿ. ಇಂಜಿನ್ ಸ್ವಲ್ಪ ವೇಗವಾಗಿ ತಿರುಗಿದರೆ ಪಂಪೂ ಫ್ಯಾನೂ ಹೆಚ್ಚು ಕೆಲಸ ಮಾಡುತ್ತವೆ. ಏಸಿ ಆಫ್ ಮಾಡಿ. ಮುಳ್ಳು ಏರುತ್ತಲೇ ಇದ್ದರೆ ಕಿಟಕಿ ತೆರೆದು ಹೀಟರ್ ಪೂರ್ತಿ ಹಾಕಿ, ಅದೂ ಒಂದು ಸಣ್ಣ ರೇಡಿಯೇಟರೇ. ವಾಲ್ವ್ ಹಾಕಿಸಿದವರು ಅದನ್ನು ತೆರೆಯುವುದು ಹೇಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಬದಿಗೆ ನಿಲ್ಲಿಸಿದಾಗ ಕೂಲೆಂಟ್ ಚೆಲ್ಲುತ್ತಿಲ್ಲ ಅಂದರೆ ಇಂಜಿನ್ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಓಡಲು ಬಿಡಿ. ಹೋಸ್ ಒಡೆದಿದ್ದರೆ, ನೀರು ಖಾಲಿಯಾಗಿದ್ದರೆ ತಕ್ಷಣ ಆಫ್. ಕ್ಯಾಪ್‌ಗೆ ಮಾತ್ರ ಪೂರ್ತಿ ತಣ್ಣಗಾಗುವವರೆಗೆ ಕೈ ಹಾಕಬೇಡಿ.

ಏನೇ ಮಾಡಿಸಿದರೂ ಒಂದೊಂದೇ ಮಾಡಿಸಿ. ಮಾಡುವ ಮುಂಚೆ ಒಂದು ಏರನ್ನು ಗೊತ್ತು ಮಾಡಿಕೊಂಡು, ಇಷ್ಟು ವೇಗ, ಈ ಗೇರ್, ಹೊರಗೆ ಇಷ್ಟು ಡಿಗ್ರಿ, ಕೂಲೆಂಟ್ ಎಷ್ಟು, ಬಾನೆಟ್ ಎಷ್ಟು, ಕಾಲಡಿ ಎಷ್ಟು ಅಂತ ಬರೆದಿಡಿ. ಮಾಡಿದ ಮೇಲೆ ಅದೇ ಏರಿನಲ್ಲಿ, ಅದೇ ಥರದ ದಿನ ನೋಡಿ ಮತ್ತೆ ಬರೆಯಿರಿ. ನಮ್ಮ ಗಾಡಿಯಲ್ಲಿ ಹೀಟರ್ ವಾಲ್ವ್ ಹಾಕಿದ ಮೇಲೆ ಕಾಲಡಿಯ ಅಂಕಿ ಎಷ್ಟು ಇಳಿಯಿತು ಅಂದರೆ, ಆಮೇಲೆ ತರಬೇಕು ಅಂತ ಬರೆದಿಟ್ಟಿದ್ದ ಎರಡು ಸಾಮಾನು ನಾನು ತರಲೇ ಇಲ್ಲ.